ಮನೆಗೆ ಕಾಫಿ ಗ್ರೈಂಡರ್ ಕೊಳ್ಳುವ ಮುನ್ನ

ಫಿಲ್ಟರ್ ಕಾಫಿಯ ರೂಢಿಯಿರುವ ಮನೆಗಳಲ್ಲಿ ಒಳ್ಳೆಯ ಬೀಜಕ್ಕೂ ಗಟ್ಟಿ ಹಾಲಿಗೂ ಹಣ ಕೊಡಲು ಯಾರೂ ಹಿಂಜರಿಯುವುದಿಲ್ಲ. ಆದರೆ ಪುಡಿಯನ್ನು ಮಾತ್ರ ಅಂಗಡಿಯಲ್ಲಿ ಅರ್ಧ ಕಿಲೋ ಒಟ್ಟಿಗೆ ಮಾಡಿಸಿ ತಂದು ತಿಂಗಳುಗಟ್ಟಲೆ ಬಳಸುತ್ತಾರೆ. ಹುರಿದ ಬೀಜ ಇಡಿಯಾಗಿರುವಷ್ಟು ಕಾಲ ಅದರ ಪರಿಮಳ ಬಹುಮಟ್ಟಿಗೆ ಒಳಗೇ ಉಳಿದಿರುತ್ತದೆ, ಪುಡಿಯಾದ ಗಳಿಗೆಯಿಂದಲೇ ಗಾಳಿ ತಾಗಿ ಹಾರಿಹೋಗಲು ತೊಡಗುತ್ತದೆ. ಆದ್ದರಿಂದ ಆಯಾ ಹೊತ್ತಿನ ಕಾಫಿಗೆ ಬೇಕಾದಷ್ಟನ್ನು ಆಗಲೇ ಪುಡಿಮಾಡಿಕೊಳ್ಳುವುದು ಮೇಲು. ಚಿಕ್ಕಮಗಳೂರು, ಕೊಡಗಿನ ಕಡೆಯ ಹಳೆಯ ಮನೆಗಳಲ್ಲಿ ಮೇಜಿನ ಅಂಚಿಗೆ ಬಿಗಿದಿರುತ್ತಿದ್ದ ಎರಕದ ಕಬ್ಬಿಣದ ಕೈಮಿಷನ್ನು ಇದೇ ಕೆಲಸವನ್ನು ಮಾಡುತ್ತಿತ್ತು.

ಇಂದು ಅಂಗಡಿಗಳಲ್ಲಿ ಸಿಗುವ ಗ್ರೈಂಡರುಗಳು ಮುಖ್ಯವಾಗಿ ಎರಡು ಬಗೆಯವು. ಮಿಕ್ಸಿಯ ಹಾಗೆ ಬ್ಲೇಡ್ ತಿರುಗಿ ಬೀಜವನ್ನು ಕತ್ತರಿಸುವುದು ಒಂದು. ಹಲ್ಲುಗಳಿರುವ ಎರಡು ಬಿಲ್ಲೆಗಳ ನಡುವೆ ಬೀಜವನ್ನು ಸಿಲುಕಿಸಿ ಅರೆಯುವುದು ಇನ್ನೊಂದು, ಇದನ್ನು ಬರ್ ಗ್ರೈಂಡರ್ ಎನ್ನುತ್ತಾರೆ. ಬೆಲೆ ಹೆಚ್ಚಾದರೂ ಎರಡನೆಯದನ್ನೇ ಕೊಳ್ಳಿರಿ ಎಂಬುದು ನನ್ನ ಖಚಿತವಾದ ಸಲಹೆ. ಬ್ಲೇಡಿನ ಯಂತ್ರದಲ್ಲಿ ಅಡಿಯಲ್ಲಿರುವ ಬೀಜ ಹಿಟ್ಟಾಗುವ ಹೊತ್ತಿಗೆ ಮೇಲಿನದು ಇನ್ನೂ ನುಚ್ಚಾಗಿಯೇ ಇರುತ್ತದೆ. ಬಿಸಿನೀರು ಬಿದ್ದಾಗ ಆ ಹಿಟ್ಟಿನಿಂದ ಕಹಿ ಇಳಿಯುತ್ತದೆ, ನುಚ್ಚಿನಿಂದ ಸತ್ವ ಪೂರ್ತಿಯಾಗಿ ಇಳಿಯುವುದಿಲ್ಲ; ಒಂದೇ ಲೋಟದಲ್ಲಿ ಕಹಿಯೂ ಸಪ್ಪೆಯೂ ಕೂಡಿಕೊಂಡಿರುವುದಕ್ಕೆ ಇದೇ ಕಾರಣ, ಬೀಜದ ದೋಷವಲ್ಲ. ಬರ್ ಗ್ರೈಂಡರಿನಲ್ಲಿ ಬಿಲ್ಲೆಗಳ ನಡುವಿನ ಅಂತರವನ್ನು ನಾವೇ ಹೊಂದಿಸಬಹುದಾದ್ದರಿಂದ ಪುಡಿಯ ಕಣಗಳು ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಬರುತ್ತವೆ. ಸಾಧ್ಯವಾದರೆ ಅಂಗಡಿಯಲ್ಲೇ ಒಂದು ಚಮಚ ಬೀಜ ಹಾಕಿಸಿ, ಪುಡಿಯನ್ನು ಬಿಳಿಯ ಕಾಗದದ ಮೇಲೆ ತೆಳ್ಳಗೆ ಹರಡಿ ನೋಡಬೇಕು. ದಪ್ಪ ಚೂರುಗಳೂ ಬೆರಳಿಗೆ ಮೆತ್ತುವ ಧೂಳೂ ಎದ್ದು ಕಂಡರೆ ಆ ಯಂತ್ರ ಬೇಡ.

ಇಬ್ಬರು ಮೂವರು ಕಾಫಿ ಕುಡಿಯುವ ಮನೆಗೆ ಕೈಯಲ್ಲಿ ತಿರುಗಿಸುವ ಗ್ರೈಂಡರೇ ಸಾಕು. ಒಂದು ಹೊತ್ತಿಗೆ ಬೇಕಾಗುವ 20 ರಿಂದ 25 ಗ್ರಾಂ ಬೀಜ ಕೆಲವೇ ನಿಮಿಷಗಳಲ್ಲಿ ಪುಡಿಯಾಗುತ್ತದೆ, ಬೆಳಗಿನ ಜಾವ ಮಲಗಿದವರ ನಿದ್ದೆಯೂ ಕೆಡುವುದಿಲ್ಲ. ಅದೇ ಬೆಲೆಗೆ ಸಿಗುವ ವಿದ್ಯುತ್ ಯಂತ್ರಕ್ಕಿಂತ ಕೈಗ್ರೈಂಡರಿನ ಬಿಲ್ಲೆಗಳು ಸಾಮಾನ್ಯವಾಗಿ ಉತ್ತಮವಾಗಿರುತ್ತವೆ, ಏಕೆಂದರೆ ಅಲ್ಲಿ ಮೋಟಾರಿಗೆ ಹಣ ಹೋಗುವುದಿಲ್ಲ. ಕೀಲುನೋವು ಇರುವವರು, ದಿನವಿಡೀ ನೆಂಟರು ಬಂದುಹೋಗುವ ಮನೆಯವರು ಮಾತ್ರ ವಿದ್ಯುತ್ತಿನದನ್ನು ಆರಿಸಿಕೊಳ್ಳಲಿ. ಬಿಲ್ಲೆ ಉಕ್ಕಿನದಾಗಿದ್ದರೆ ಒಳ್ಳೆಯದು. ಪಿಂಗಾಣಿಯ ಬಿಲ್ಲೆ ತುಕ್ಕು ಹಿಡಿಯದು, ನಿಜ; ಆದರೆ ತೋಟದಿಂದ ನೇರವಾಗಿ ಬಂದ ಬೀಜದಲ್ಲಿ ಒಣಗಿಸುವ ಕಣದ ಸಣ್ಣ ಕಲ್ಲೊಂದು ಉಳಿದಿದ್ದರೆ ಅದರ ಹಲ್ಲು ಮುರಿಯುವ ಭಯವಿದೆ. ಯಾವ ಬಿಲ್ಲೆಯೇ ಇರಲಿ, ಬೀಜವನ್ನು ತಟ್ಟೆಯಲ್ಲಿ ಹರಡಿ ಕಣ್ಣಾಡಿಸಿಯೇ ಗ್ರೈಂಡರಿಗೆ ಹಾಕುವುದು ಕ್ಷೇಮ.

ಪುಡಿ ಎಷ್ಟು ನುಣ್ಣಗಿರಬೇಕೆಂಬುದನ್ನು ನಿಮ್ಮ ಫಿಲ್ಟರೇ ತಿಳಿಸುತ್ತದೆ. ಬೆರಳುಗಳ ನಡುವೆ ಉಜ್ಜಿದಾಗ ಚಿರೋಟಿ ರವೆಗಿಂತ ಒಂದಿಷ್ಟು ನುಣ್ಣಗೆ, ಆದರೆ ತರಿ ಕೈಗೆ ತಿಳಿಯುವಂತೆ ಇರುವ ಪುಡಿಯಿಂದ ಮೊದಲುಮಾಡಿ. ಡಿಕಾಕ್ಷನ್ ಐದೇ ನಿಮಿಷದಲ್ಲಿ ಸರ್ರನೆ ಇಳಿದು ತೆಳ್ಳಗೆ ಬಂದರೆ ಬಿಲ್ಲೆಗಳನ್ನು ಒಂದು ಮೆಟ್ಟಿಲು ಹತ್ತಿರಕ್ಕೆ ತನ್ನಿರಿ. ಅರ್ಧ ಗಂಟೆಯಾದರೂ ನೀರು ಮೇಲೆಯೇ ನಿಂತಿದ್ದರೆ ಒಂದು ಮೆಟ್ಟಿಲು ಸಡಿಲಿಸಿರಿ. ಕಾಲು ಗಂಟೆಯ ಆಸುಪಾಸಿನಲ್ಲಿ ತೊಟ್ಟಿಕ್ಕಿ ಮುಗಿದರೆ ಹದ ಸರಿಯಾಗಿದೆ ಎಂದೇ ತಿಳಿಯಬಹುದು. ಚಿಕೋರಿ ಬೆರೆಸುವವರು ಅದನ್ನು ಪುಡಿಯ ರೂಪದಲ್ಲೇ ಪ್ರತ್ಯೇಕವಾಗಿ ತಂದು ಫಿಲ್ಟರಿಗೆ ಹಾಕುವ ಮುನ್ನ ಬೆರೆಸಬೇಕು, ಗ್ರೈಂಡರಿಗೆ ಹಾಕಬಾರದು. ಚಿಕೋರಿ ಬೇಗ ತೇವ ಹೀರಿಕೊಂಡು ಬಿಲ್ಲೆಗಳಿಗೆ ಅಂಟುತ್ತದೆ. ಚಿಕೋರಿಯಿದ್ದಾಗ ಡಿಕಾಕ್ಷನ್ ನಿಧಾನವಾಗಿ ಇಳಿಯುವುದರಿಂದ ಬೀಜವನ್ನು ತುಸು ತರಿಯಾಗಿಯೇ ಪುಡಿಮಾಡಿಕೊಳ್ಳಬೇಕು.

ಸದ್ಯಕ್ಕೆ ಮಿಕ್ಸಿಯೊಂದೇ ಇರುವವರು ನಿರಾಶರಾಗಬೇಕಿಲ್ಲ. ಚಟ್ನಿಯ ಚಿಕ್ಕ ಜಾರನ್ನು ಚೆನ್ನಾಗಿ ಒಣಗಿಸಿ, ಎರಡು ಮೂರು ಸೆಕೆಂಡು ಓಡಿಸಿ ನಿಲ್ಲಿಸಿ ಕುಲುಕುವುದನ್ನು ಕೆಲವು ಸಲ ಮಾಡಿ, ಸಣ್ಣ ಜರಡಿಯಲ್ಲಿ ಹಿಡಿದು, ಮೇಲುಳಿದ ನುಚ್ಚನ್ನು ಮತ್ತೆ ಹಾಕಿದರೆ ಪುಡಿ ಸಾಕಷ್ಟು ಸಮವಾಗುತ್ತದೆ. ಮಸಾಲೆ ಅರೆದ ಜಾರು ಮಾತ್ರ ಬೇಡವೇ ಬೇಡ, ಕೊತ್ತಂಬರಿಯ ವಾಸನೆಯನ್ನು ಕಾಫಿ ಕೂಡಲೇ ಹಿಡಿದುಕೊಳ್ಳುತ್ತದೆ.

ಕಪ್ಪಗೆ ಹುರಿದ ಬೀಜದ ಎಣ್ಣೆ ಬಿಲ್ಲೆಗಳ ಮೇಲೆ ಕೂತು ಕೆಲವು ದಿನಗಳಲ್ಲೇ ಕಮಟು ವಾಸನೆ ಕೊಡುತ್ತದೆ, ಅದು ಹೊಸ ಪುಡಿಗೂ ಹತ್ತುತ್ತದೆ. ವಾರಕ್ಕೊಮ್ಮೆ ಬಿಲ್ಲೆಗಳನ್ನು ಬಿಚ್ಚಿ ಒಣ ಬ್ರಷ್ಷಿನಿಂದ ಹಲ್ಲುಗಳ ಸಂದುಗಳನ್ನು ಗುಡಿಸಿ ಒಣಬಟ್ಟೆಯಿಂದ ಒರೆಸಿರಿ. ಉಕ್ಕಿನ ಬಿಲ್ಲೆಗೆ ನೀರು ಸೋಕಿಸಬೇಡಿ. ಸ್ವಚ್ಛವಾಗಲೆಂದು ಅಕ್ಕಿ ಹಾಕಿ ಬೀಸುವ ಪದ್ಧತಿಯೂ ಬೇಡ. ಅಕ್ಕಿ ಹುರಿದ ಕಾಫಿ ಬೀಜಕ್ಕಿಂತ ಗಡಸು, ಅದರ ಹಿಟ್ಟು ಸಂದುಗಳಲ್ಲಿ ಉಳಿದು ಮಳೆಗಾಲದಲ್ಲಿ ಹುಳ ಬೀಳುತ್ತದೆ.