ದೇಹಕುಹರವನ್ನು ನಾನು ಮೊಟ್ಟೆಯಿಂದ ಪಾಠ ಮಾಡುವ ಬಗೆ

ಡಿಗ್ರಿ ತರಗತಿಗಳಿಗೆ ನಾನು ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಪಿಯುಸಿ ಮುಗಿಸಿ ಬರುವ ಮಕ್ಕಳಿಗೆ ದೇಹಕುಹರ, ಅಂದರೆ ಮೈಗೋಡೆಗೂ ಕರುಳಿಗೂ ನಡುವಿನ ಟೊಳ್ಳು (ಸೀಲೋಮ್), ಅಂದ ಕೂಡಲೇ ನೆನಪಾಗುವುದು ಮೂರು ವೃತ್ತಗಳ ಚಿತ್ರ. ಟೊಳ್ಳೇ ಇಲ್ಲದ ಚಪ್ಪಟೆಹುಳು, ಹುಸಿ ಟೊಳ್ಳಿನ ಜಂತುಹುಳು, ನಿಜವಾದ ಟೊಳ್ಳಿರುವ ಎರೆಹುಳು. ಎಲ್ಲರಿಗೂ ಬಾಯಿಪಾಠ. ಆದರೆ 'ಈ ಟೊಳ್ಳು ಹುಟ್ಟಿದ್ದು ಹೇಗೆ?' ಎಂದರೆ ಕ್ಲಾಸಿನಲ್ಲಿ ಉತ್ತರ ಬರುವುದಿಲ್ಲ. ಅದಕ್ಕೇ ನಾನು ಆ ಚಿತ್ರವನ್ನು ಬದಿಗಿಟ್ಟು ಕೋಳಿಮೊಟ್ಟೆಯಿಂದ ಶುರು ಮಾಡುತ್ತೇನೆ.

ಅಂಗಡಿಯ ಫಾರಂ ಮೊಟ್ಟೆ ಇದಕ್ಕೆ ಆಗುವುದಿಲ್ಲ, ಅದರಲ್ಲಿ ಭ್ರೂಣವೇ ಇರುವುದಿಲ್ಲ. ಹುಂಜದ ಜೊತೆ ಓಡಾಡಿಕೊಂಡಿರುವ ನಾಟಿ ಕೋಳಿಯ ಮೊಟ್ಟೆ ತರಿಸುತ್ತೇನೆ. ಅಡ್ಡಡ್ಡ ಮಲಗಿಸಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, 38 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಡುತ್ತೇನೆ. ಒಳಗೆ ಒಂದು ತಟ್ಟೆ ನೀರೂ ಇರಬೇಕು. ಮೊಟ್ಟೆ ಅಡ್ಡ ಮಲಗಿದ್ದರೆ ಹಳದಿ ತಾನಾಗಿ ತಿರುಗಿ ಭ್ರೂಣ ಮೇಲಕ್ಕೆ ಬರುತ್ತದೆ. ಆಮೇಲೆ ಹುಡುಕಾಡುವ ಕೆಲಸವಿಲ್ಲ, ಪೆನ್ಸಿಲ್ ಗುರುತಿನ ಕೆಳಗೇ ಇರುತ್ತದೆ.

ಎರಡು ದಿನ ಕಾವು ಕೊಟ್ಟ ಮೇಲೆ ಮೊಂಡು ತುದಿಯಲ್ಲಿ ಸಣ್ಣ ತೂತು ಮಾಡಿ, ಸಿರಿಂಜಿನಿಂದ ಸ್ವಲ್ಪ ಬಿಳಿಲೋಳೆ ಹೊರಗೆ ತೆಗೆಯುತ್ತೇನೆ. ಆಗ ಹಳದಿ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಗುರುತಿನ ಮೇಲೆ ಸೆಲ್ಲೋ ಟೇಪ್ ಅಂಟಿಸಿ, ಚೂಪು ಕತ್ತರಿಯಿಂದ ಕಿಟಕಿ ಕತ್ತರಿಸುತ್ತೇನೆ. ಟೇಪ್ ಇದ್ದರೆ ಚಿಪ್ಪಿನ ಚೂರು ಒಳಗೆ ಬೀಳುವುದಿಲ್ಲ. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಗ್ಗಿ ನೋಡುತ್ತಾರೆ. ಹಳದಿಯ ಮೇಲೆ ಕೆಂಪು ರಕ್ತನಾಳಗಳ ಬಲೆ, ನಡುವೆ ಬಡಿಯುತ್ತಿರುವ ಪುಟ್ಟ ಹೃದಯ. ಎಷ್ಟು ವರ್ಷ ತೋರಿಸಿದರೂ ನನಗೆ ಇದು ಹಳೆಯದಾಗಿಲ್ಲ.

ಫಿಲ್ಟರ್ ಪೇಪರಿನ ಒಂದು ಉಂಗುರವನ್ನು ಭ್ರೂಣದ ಸುತ್ತ ಕೂರಿಸಿ, ಅದರ ಅಂಚಿಗೆ ಸರಿಯಾಗಿ ಪೊರೆ ಕತ್ತರಿಸಿ ಎತ್ತಿದರೆ ಭ್ರೂಣ ಕಾಗದಕ್ಕೆ ಅಂಟಿಕೊಂಡೇ ಬರುತ್ತದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇನೆ. ಬೆನ್ನಿನ ನರನಾಳದ ಎರಡೂ ಬದಿಗೆ ಚೌಕ ಚೌಕ ತುಂಡುಗಳು ಕಾಣುತ್ತವೆ. ಇವು ಸೋಮೈಟ್‌ಗಳು. 33 ಗಂಟೆಗೆ ಸುಮಾರು 12 ಜೋಡಿ, 48 ಗಂಟೆಗೆ 26ರ ಆಸುಪಾಸು. ಆದರೆ ನಾವು ಹುಡುಕುವ ಕುಹರ ಮೇಲಿನಿಂದ ಕಾಣುವುದಿಲ್ಲ. ಅದಕ್ಕೆ ಭ್ರೂಣವನ್ನು ಅಡ್ಡಡ್ಡ ತೆಳುವಾಗಿ ಕೊಯ್ದ ಸ್ಲೈಡೇ ಬೇಕು.

ಸ್ಲೈಡಿನಲ್ಲಿ ನಡುವಿನಿಂದ ಹೊರಗೆ ಹೋಗಲು ಹೇಳುತ್ತೇನೆ. ಮೊದಲು ನರನಾಳ, ಅದರ ಕೆಳಗೆ ನೋಟೋಕಾರ್ಡ್ (ಭ್ರೂಣದ ಬೆನ್ನಿಗೆ ಆಧಾರವಾಗುವ ಸರಳು), ಪಕ್ಕದಲ್ಲಿ ಸೋಮೈಟ್, ಇನ್ನೂ ಆಚೆಗೆ ಮೀಸೋಡರ್ಮಿನ, ಅಂದರೆ ಭ್ರೂಣದ ನಡುಪದರದ, ತೆಳು ಹಾಳೆ. ಅಲ್ಲಿ ನಿಲ್ಲಬೇಕು. ಪೂರಿ ಉಬ್ಬುವಾಗ ಒಂದೇ ಪದರ ಎರಡಾಗಿ ನಡುವೆ ಟೊಳ್ಳು ಬೀಳುತ್ತದಲ್ವಾ, ಆ ಹಾಳೆಯೂ ಹಾಗೇ ಸೀಳಿಕೊಂಡಿರುತ್ತದೆ. ಮೇಲಿನ ಪದರ ಎಕ್ಟೋಡರ್ಮಿನ (ಭ್ರೂಣದ ಹೊರಪದರ) ಜೊತೆ ಸೇರಿ ಮುಂದೆ ಮೈಗೋಡೆಯಾಗುತ್ತದೆ. ಕೆಳಗಿನದು ಎಂಡೋಡರ್ಮಿನ (ಒಳಪದರ) ಜೊತೆ ಸೇರಿ ಕರುಳಿನ ಗೋಡೆಯಾಗುತ್ತದೆ. ನಡುವಿನ ಟೊಳ್ಳೇ ಸೀಲೋಮ್.

ಇಲ್ಲಿ ಜಾಸ್ತಿ ಹೊತ್ತು ಕೊಡಬೇಕು. ಸ್ಲೈಡಿನಲ್ಲಿ ತೂತುಗಳು ಬೇಕಾದಷ್ಟಿರುತ್ತವೆ. ಮಕ್ಕಳ ಬೆರಳು ಮೊದಲು ಹೋಗುವುದು ಎಂಡೋಡರ್ಮಿನ ಕೆಳಗಿನ ದೊಡ್ಡ ಜಾಗಕ್ಕೆ. ಅದು ಭ್ರೂಣಕ್ಕೂ ಹಳದಿಗೂ ನಡುವಿನ ತೆರಪು ಅಷ್ಟೇ. ಇನ್ನು ಕೆಲವರು ನೋಟೋಕಾರ್ಡಿನ ಪಕ್ಕದ ಎರಡು ದುಂಡು ತೂತುಗಳನ್ನು ತೋರಿಸುತ್ತಾರೆ. ಅವು ಮಹಾಪಧಮನಿಗಳು, ಒಳಗೆ ರಕ್ತಕಣಗಳೂ ಸಿಗುತ್ತವೆ. ಹಾಗಾಗಿ ನಾನು ಕೇಳುವುದು ಒಂದೇ ಪ್ರಶ್ನೆ: ಈ ಟೊಳ್ಳಿನ ಗೋಡೆ ಯಾರದು? ಸುತ್ತಲೂ ಮೀಸೋಡರ್ಮ್ ಇದ್ದರೆ ಮಾತ್ರ ಅದು ನಿಜವಾದ ಸೀಲೋಮ್.

ಈ ಪ್ರಶ್ನೆ ಕೈಗೆ ಬಂದರೆ ಹಳೆಯ ಮೂರು ವೃತ್ತಗಳೂ ತಾವೇ ಅರ್ಥವಾಗುತ್ತವೆ. ಜಂತುಹುಳುವಿನ ಟೊಳ್ಳಿಗೆ ಹೊರಬದಿಯಲ್ಲಿ ಮಾತ್ರ ಮೀಸೋಡರ್ಮಿನ ಸ್ನಾಯು ಇದೆ. ಒಳಬದಿಯ ಕರುಳು ಬರೀ ಒಂದು ಸಾಲು ಜೀವಕೋಶ, ಅದಕ್ಕೆ ಸ್ನಾಯುವಿನ ಹೊದಿಕೆಯಿಲ್ಲ. ಎರೆಹುಳುವಿನ ಕರುಳಿಗೆ ಸ್ವಂತ ಸ್ನಾಯು ಇದೆ. ಅದಕ್ಕೇ ಮೈ ಒಂದು ಕಡೆಗೆ ತೆವಳಿದರೆ ಕರುಳು ತನ್ನ ಪಾಡಿಗೆ ಇನ್ನೊಂದು ಕಡೆಗೆ ಊಟ ತಳ್ಳಬಲ್ಲದು. ಜಿರಳೆ ಬೇರೆ ಥರ. ಅದರ ಭ್ರೂಣದಲ್ಲಿ ಸೀಲೋಮಿನ ಚೀಲಗಳು ಮೂಡಿ, ಒಡೆದು, ರಕ್ತ ತುಂಬಿದ ದೊಡ್ಡ ಜಾಗದಲ್ಲಿ ಸೇರಿಹೋಗುತ್ತವೆ.

ಎರೆಹುಳುವಿಗೆ ನಾನು ಕತ್ತರಿ ಹಾಕುವುದಿಲ್ಲ, ಬೇಕಾಗುವುದೂ ಇಲ್ಲ. ಎರೆಗೊಬ್ಬರದ ಗುಂಡಿಯಲ್ಲಿ ಸಾಕುವ ಐಸೀನಿಯಾ ಫೆಟಿಡಾ ಹುಳುವನ್ನು ಒದ್ದೆ ಬೆರಳಲ್ಲಿ ಹಿಡಿದು ಸ್ವಲ್ಪ ರೇಗಿಸಿದರೆ ಸಾಕು. ಬೆನ್ನಿನ ಸಣ್ಣ ರಂಧ್ರಗಳಿಂದ ಹಳದಿ ದ್ರವ ಜಿನುಗುತ್ತದೆ. ಕೆಟ್ಟ ವಾಸನೆ. ಅದು ಸೀಲೋಮಿನ ದ್ರವವೇ. ಈ ಕುಹರ ಹುಟ್ಟುವುದೂ ಮೀಸೋಡರ್ಮ್ ಸೀಳಿಯೇ, ಒಂದೊಂದು ಉಂಗುರಕ್ಕೆ ಒಂದೊಂದು ಜೋಡಿ. ಅಕ್ಕಪಕ್ಕದ ಚೀಲಗಳ ಗೋಡೆ ಸೇರಿದ ಜಾಗವೇ ಉಂಗುರಗಳ ನಡುವಿನ ಪರದೆ.

ಆದರೆ ಎಲ್ಲ ಪ್ರಾಣಿಗಳಲ್ಲೂ ಸೀಳಿಯೇ ಟೊಳ್ಳಾಗುವುದಿಲ್ಲ. ನಕ್ಷತ್ರಮೀನಿನ ಭ್ರೂಣದಲ್ಲಿ ಆದಿಕರುಳಿನಿಂದಲೇ ಚೀಲಗಳು ಉಬ್ಬಿ, ಕಳಚಿಕೊಂಡು, ಸೀಲೋಮ್ ಆಗುತ್ತವೆ. ವಂಶಾವಳಿಯಲ್ಲಿ ನಾವು ನಕ್ಷತ್ರಮೀನಿನ ಗುಂಪಿನವರು. ಆದರೂ ಕೋಳಿಯಲ್ಲಿ, ನಮ್ಮಲ್ಲಿ ಅದು ಸೀಳಿಯೇ ಆಗುತ್ತದೆ. ಟೊಳ್ಳು ನೋಡಿ ಪ್ರಾಣಿಗಳನ್ನು ಕೆಳಗಿನವು, ಮೇಲಿನವು ಎಂದು ಮೆಟ್ಟಿಲ ಮೇಲೆ ಕೂರಿಸುವುದನ್ನು ನಾನು ಬಿಟ್ಟಿರುವುದು ಇದೇ ಕಾರಣಕ್ಕೆ. 1997ರಲ್ಲಿ ಡಿಎನ್‌ಎ ಹೋಲಿಸಿ ನೋಡಿದಾಗ ಜಂತುಹುಳುವಿನ ಬಳಗ ಕೀಟಗಳ ಹತ್ತಿರವೇ ಬಂದು ಕೂತಿತು. ಆ ಮೆಟ್ಟಿಲು ಅಲ್ಲಿಗೆ ಮುರಿದ ಹಾಗೆಯೇ.

ಕೊನೆಗೆ ಮನುಷ್ಯ ಭ್ರೂಣಕ್ಕೆ ಬರುತ್ತೇನೆ. ನಾಲ್ಕನೇ ವಾರದ ಹೊತ್ತಿಗೆ ಎದೆ, ಹೊಟ್ಟೆ ಎಲ್ಲ ಒಂದೇ ಕುಹರ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯ ಮೊದಲ ಭಾಗ ಕತ್ತಿನ ಮಟ್ಟದಲ್ಲಿ ಹುಟ್ಟಿ ಕೆಳಗಿಳಿಯುತ್ತದೆ. ಅದಕ್ಕೇ ಅದರ ನರ ಕತ್ತಿನಿಂದಲೇ ಬರುತ್ತದೆ. ಏಳನೇ ವಾರದ ಸುಮಾರಿಗೆ ಉಳಿದ ಕಿಂಡಿಗಳೂ ಮುಚ್ಚುತ್ತವೆ. ಮುಚ್ಚದೆ ಉಳಿದರೆ ಕರುಳು ಎದೆಗೆ ನುಗ್ಗಿ, ಶ್ವಾಸಕೋಶಕ್ಕೆ ಬೆಳೆಯಲು ಜಾಗವೇ ಸಿಗುವುದಿಲ್ಲ. ಇದು ಎಡಗಡೆಯಲ್ಲೇ ಜಾಸ್ತಿ.