ಐವತ್ತು ಗ್ರಾಂ ಧನಿಯ ಎಂದರೆ ಎಷ್ಟು ಚಮಚ?

ಸಾರಿನ ಪುಡಿಗೆ ‘ಧನಿಯ 50 ಗ್ರಾಂ, ಮೆಂತ್ಯ 5 ಗ್ರಾಂ’ ಎಂದು ಬರೆದಿರುತ್ತದೆ. ತಕ್ಕಡಿ ಇಲ್ಲದವರು ಹತ್ತಕ್ಕೆ ಒಂದು ತಾನೇ ಎಂದುಕೊಂಡು, ಹತ್ತು ದೊಡ್ಡ ಚಮಚ ಧನಿಯಕ್ಕೆ ಒಂದು ದೊಡ್ಡ ಚಮಚ ಮೆಂತ್ಯ ಹಾಕಿ ಹುರಿದುಬಿಡುತ್ತಾರೆ. ಸಾರು ಕಹಿ. ಧನಿಯದ ಕಾಳು ಹಗುರ, ಒಳಗೆ ಟೊಳ್ಳು, 15 ಮಿ.ಲೀ. ಚಮಚಕ್ಕೆ ಸುಮಾರು 5 ಗ್ರಾಂ ಹಿಡಿಯುತ್ತದೆ. ಮೆಂತ್ಯ ಹರಳಿನಂತೆ ಗಟ್ಟಿ, ಅದೇ ಚಮಚಕ್ಕೆ 11 ಗ್ರಾಂ. ಅಂದರೆ ಬೇಕಾದ್ದಕ್ಕಿಂತ ಎರಡು ಪಟ್ಟು ಬಿತ್ತು.

ಯಾವ ಸಾಮಾನು ಚಮಚಕ್ಕೆ ಎಷ್ಟು ಗ್ರಾಂ ಎಂದು ಒಮ್ಮೆ ತೂಗಿ ಬರೆದಿಟ್ಟುಕೊಂಡರೆ ಆಮೇಲೆ ಚಮಚದಲ್ಲೇ ಅಳೆಯಬಹುದು. ಮೊದಲು ಚಮಚ. ಅಳತೆಯ ಸಣ್ಣ ಚಮಚ 5 ಮಿ.ಲೀ., ದೊಡ್ಡದು 15. ಕಾಫಿಗೆ ಸಕ್ಕರೆ ಕಲಕುವ ಚಮಚ ಲೆಕ್ಕಕ್ಕೆ ಬರುವುದಿಲ್ಲ. ಬಣ್ಣಬಣ್ಣದ ಅಗ್ಗದ ಪ್ಲಾಸ್ಟಿಕ್ ಸೆಟ್‌ಗಳನ್ನೂ ನಂಬಬೇಡಿ, ಸ್ಟೀಲಿನದೇ ಕೊಳ್ಳಿ. ಸಣ್ಣ ಚಮಚದಲ್ಲಿ ಹತ್ತು ಸಲ ನೀರು ಅಳೆದು ತೂಗಿದರೆ 50 ಗ್ರಾಂ ಬರಬೇಕು. 42 ಬಂದರೆ ಆ ಚಮಚ ಉಪ್ಪಿನ ಡಬ್ಬಿಗೆ ಹೋಗಲಿ.

ತಕ್ಕಡಿಯ ಪರೀಕ್ಷೆಗೆ ಹತ್ತು ರೂಪಾಯಿಯ ಹತ್ತು ನಾಣ್ಯ ಸಾಕು. ಒಂದೊಂದೂ 7.7 ಗ್ರಾಂ, ಒಟ್ಟು 77ರ ಆಸುಪಾಸು.

ಎಡವುವುದು ಮುಂದಿನ ಹಂತದಲ್ಲಿ. ಅಡುಗೆಮನೆಯ ತಕ್ಕಡಿ ಒಂದೊಂದು ಗ್ರಾಮಿನ ಲೆಕ್ಕದಲ್ಲಿ ತೋರಿಸುತ್ತದೆ. ಅದರ ಮೇಲೆ ಒಂದೇ ಚಮಚ ಜೀರಿಗೆ ಸುರಿದರೆ ಒಮ್ಮೆ 1 ಎನ್ನುತ್ತದೆ, ಇನ್ನೊಮ್ಮೆ 3. ಆದ್ದರಿಂದ ಒಂದು ಚಮಚವನ್ನು ಎಂದೂ ತೂಗಬೇಡಿ. ಬಟ್ಟಲಿಟ್ಟು ಸೊನ್ನೆಗೆ ತನ್ನಿ, ಹತ್ತು ಚಮಚ ಹಾಕಿ, ಬಂದದ್ದನ್ನು ಹತ್ತರಿಂದ ಭಾಗಿಸಿ. ಪ್ರತಿ ಚಮಚವನ್ನೂ ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿ. ಗೋಪುರ ಕಟ್ಟಿದ ಚಮಚದಲ್ಲಿ ಒಂದೂವರೆ ಪಾಲೂ ಇರಬಹುದು. ಪುಡಿಯಾದರೆ ಚಮಚವನ್ನು ಡಬ್ಬಿಯೊಳಗೆ ಒತ್ತಿ ತೆಗೆಯಬಾರದು, ಡಬ್ಬಿಯ ಅಂಚಿಗೆ ತಟ್ಟಲೂಬಾರದು. ಪುಡಿ ಕುಸಿದು ತೂಕ ಏರುತ್ತದೆ. ಮಿಕ್ಸಿಯಿಂದ ಆಗಷ್ಟೇ ತೆಗೆದ ಖಾರದ ಪುಡಿ ಗಾಳಿ ತುಂಬಿಕೊಂಡು ಉಬ್ಬಿರುತ್ತದೆ. ಮೂರು ದಿನ ಡಬ್ಬಿಯಲ್ಲಿ ಕೂತರೆ ಅದೇ ಚಮಚಕ್ಕೆ ಹೆಚ್ಚು ಖಾರ. ತೂಗುವ ಮೊದಲು ಒಮ್ಮೆ ಕೆದಕಿ ಸಡಿಲ ಮಾಡಿಕೊಳ್ಳಿ.

ಹೀಗೆ ತೂಗಿದರೆ ಸಣ್ಣ ಚಮಚಕ್ಕೆ ಹೆಚ್ಚುಕಡಿಮೆ ಇಷ್ಟು ಬರುತ್ತದೆ: ಪುಡಿ ಉಪ್ಪು 6 ಗ್ರಾಂ, ಸಕ್ಕರೆ 4, ಅರಿಸಿನ 3, ಖಾರದ ಪುಡಿ ಎರಡೂವರೆ, ಸಾಸಿವೆ 3ಕ್ಕೆ ತುಸು ಮೇಲೆ, ಇಡೀ ಮೆಣಸು 3ರ ಹತ್ತಿರ, ಜೀರಿಗೆ 2. ಕಲ್ಲುಪ್ಪನ್ನು ಈ ಪಟ್ಟಿಗೆ ಸೇರಿಸಿಲ್ಲ. ಹರಳಿನ ಗಾತ್ರ ಬದಲಾದಂತೆ ನಡುವಿನ ಸಂದು ಬದಲಾಗುತ್ತದೆ, ತೂಕವೂ ಬದಲಾಗುತ್ತದೆ. ಉಪ್ಪಿನಕಾಯಿಗೆ ಉಪ್ಪನ್ನು ತೂಗಿಯೇ ಹಾಕಿ. ಅಲ್ಲಿ ಚಮಚದ ಲೆಕ್ಕ ತಪ್ಪಿದರೆ ಬೂಸಲು ಬರುತ್ತದೆ.

ಒಣಮೆಣಸಿನಕಾಯಿಗೆ ಚಮಚವೂ ಇಲ್ಲ, ಬಟ್ಟಲೂ ಇಲ್ಲ. ಸುಕ್ಕಾದ ಬ್ಯಾಡಗಿ ಬಟ್ಟಲಲ್ಲಿ ಹೇಗೆ ಬೇಕೋ ಹಾಗೆ ನಿಲ್ಲುತ್ತದೆ. ತೊಟ್ಟು ಕಿತ್ತು ತೂಗಿ. ‘ಹದಿನೈದು ಮೆಣಸಿನಕಾಯಿ’ ಎಂದಿದ್ದರೂ ಒಮ್ಮೆ ತೂಗಿ ಬರೆದಿಟ್ಟುಕೊಳ್ಳಿ. ಮುಂದಿನ ಸಲದ ಕಾಯಿ ಇದೇ ಉದ್ದ ಇರುವುದಿಲ್ಲ.

ಹುರಿದರೆ ತೇವ ಹೋಗಿ ತೂಕ ಇಳಿಯುತ್ತದೆ. ಬೇರೆ ಹೇಳದಿದ್ದರೆ ಹಸಿಯದನ್ನೇ ತೂಗಿ, ಆಮೇಲೆ ಹುರಿಯಿರಿ. ಇನ್ನು ‘1 ಚಮಚ ಜೀರಿಗೆ ಪುಡಿ’ಗೂ ‘1 ಚಮಚ ಜೀರಿಗೆ, ಪುಡಿ ಮಾಡಿದ್ದು’ ಎಂಬುದಕ್ಕೂ ವ್ಯತ್ಯಾಸವಿದೆ: ಮೊದಲನೆಯದರಲ್ಲಿ ಪುಡಿಯನ್ನು ಅಳೆಯಬೇಕು, ಎರಡನೆಯದರಲ್ಲಿ ಕಾಳನ್ನು.

ಇಂಗಿನ ಗೊಡವೆಗೆ ಹೋಗಬೇಡಿ. ಡಬ್ಬಿಯ ಇಂಗಿನಲ್ಲಿ ಹಿಟ್ಟೂ ಅಂಟೂ ಬೆರೆತಿರುತ್ತದೆ, ಎಷ್ಟೆಂಬುದು ಒಂದೊಂದು ಕಂಪನಿಗೆ ಒಂದೊಂದು. ಗ್ರಾಂ ಸರಿ ಬಂದರೂ ಘಾಟು ಸರಿಯಾಗುವುದಿಲ್ಲ, ಮೂಗಿಗೇ ಬಿಡಿ.

ಬಂದ ಸಂಖ್ಯೆಯನ್ನು ಆಯಾ ಡಬ್ಬಿಯ ಮುಚ್ಚಳದ ಒಳಮೈಗೆ ಚೀಟಿ ಅಂಟಿಸಿ ಬರೆಯಿರಿ: ‘ಧನಿಯ, ದೊಡ್ಡ ಚಮಚ, 5 ಗ್ರಾಂ’. ಅಂಗಡಿ ಬದಲಿಸಿದಾಗ ಮತ್ತೆ ಹತ್ತು ಚಮಚ ತೂಗಿ.