ಗ್ಯಾಸ್ ಕಿಟ್ ಕೆಟ್ಟಿರಲಿಲ್ಲ, ನೀರು ಕಾಯುತ್ತಿರಲಿಲ್ಲ

ಈ ಸಲ ಧನುರ್ಮಾಸ ಪೂರ್ತಿ ನನ್ನ ವ್ಯಾನು ಗ್ಯಾಸಲ್ಲೇ ಓಡಿತು. ಚಿಕ್ಕಬಳ್ಳಾಪುರದಲ್ಲಿ ಬೆಳಗಿನ ಜಾವ ಎರಡೂವರೆಗೆ ಹೂವಿನ ಮೂಟೆ ತುಂಬಿಕೊಂಡು ಹೊರಟರೆ ನೇರ ಬೆಂಗಳೂರಿನ ಕೆ.ಆರ್. ಮಾರ್ಕೆಟ್. ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಹೋದ ವರ್ಷ ‘ಕಿಟ್ ಕಿತ್ತು ಗುಜರಿಗೆ ಹಾಕು’ ಅಂದವರೇ ಈಗ ಬಂದು ಸೀಟ್ ಎತ್ತಿ ಕೆಳಗಿರುವ ಎಂಜಿನ್ ನೋಡಿಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಕಾರ್ಬುರೇಟರ್ ಎಂಜಿನ್, ಗಾಳಿಗೆ ಗ್ಯಾಸ್ ಬೆರೆಸುವ ಮಿಕ್ಸರ್ ಇರುವ ಹಳೆ ಎಲ್‌ಪಿಜಿ ಕಿಟ್. ಇಂಜೆಕ್ಟರ್ ಕಿಟ್‌ನವರ ಗಾಡಿ, ರೆಡ್ಯೂಸರ್ (ದ್ರವ ಗ್ಯಾಸನ್ನು ಎಂಜಿನ್ನಿನ ಬಿಸಿನೀರಿನಿಂದ ಆವಿ ಮಾಡುವ ಡಬ್ಬಿ) ತಣ್ಣಗಾದರೆ ತಾನೇ ಪೆಟ್ರೋಲ್‌ಗೆ ವಾಪಸ್ ಹೋಗುತ್ತದೆ. ನಮ್ಮದಕ್ಕೆ ಆ ಬುದ್ಧಿ ಇಲ್ಲ, ಸೀದಾ ಬಂದ್ ಬೀಳುತ್ತದೆ.

ಹೋದ ವರ್ಷದ ತೊಂದರೆ ಹೀಗಿತ್ತು. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಸ್ವಿಚ್ ಮಧ್ಯಕ್ಕೆ ತಂದು ಕಾರ್ಬುರೇಟರ್ ಬೌಲ್‌ನಲ್ಲಿ ಉಳಿದ ಪೆಟ್ರೋಲ್ ಖಾಲಿ ಮಾಡಿ ಗ್ಯಾಸಿಗೆ ಹಾಕಿದರೆ ಚೆನ್ನಾಗಿಯೇ ಹಿಡಿಯುತ್ತಿತ್ತು. ಹೈವೇಯಲ್ಲಿ ಹದಿನೈದು ನಿಮಿಷ ಓಡುತ್ತಿತ್ತು. ದೇವನಹಳ್ಳಿಗಿಂತ ಮೊದಲೇ ಸಿಗುವ ಆವತಿ ಹತ್ತಿರ ಬರುವಷ್ಟರಲ್ಲಿ ಮಿಸ್ಸಿಂಗ್ ಶುರು, ಪಿಕಪ್ ಇಲ್ಲ, ಆಮೇಲೆ ಆಫ್. ಪೆಟ್ರೋಲ್‌ಗೆ ಹಾಕಿದರೆ ಸರಿ. ಅರ್ಧ ಗಂಟೆ ಬಿಟ್ಟು ಮತ್ತೆ ಗ್ಯಾಸಿಗೆ ಹಾಕಿದರೆ ಸ್ವಲ್ಪ ದೂರ ಓಡಿ ಮತ್ತದೇ ಕಥೆ.

ಗ್ಯಾರೇಜಿಗೆ ಹೋಗುವುದು ಮಧ್ಯಾಹ್ನ ಅಲ್ವಾ? ಆಗ ಏನೂ ಇಲ್ಲ! ನಿಂತಲ್ಲೇ ಒಂದು ಗಂಟೆ ಗ್ಯಾಸಲ್ಲಿ ಓಡಿಸಿ ತೋರಿಸಿದರು. ‘ನಿಮ್ಮ ಗಾಡಿ ಸರಿ ಇದೆ ಅಣ್ಣ, ಸುಮ್ನೆ ತಲೆ ಕೆಡಿಸ್ಕೋಬೇಡಿ’ ಅಂದರು. ಮರುದಿನ ಆವತಿಯಲ್ಲಿ ಮತ್ತೆ ನಿಂತಿತು.

ಆ ಚಳಿಗಾಲದಲ್ಲಿ ಸುರಿದ ದುಡ್ಡು ನೆನಪಿರುವಷ್ಟು ಹೇಳುತ್ತೇನೆ. ಪ್ಲಗ್, ಪ್ಲಗ್ ವೈರ್ ಸೇರಿ 1,100. ಗ್ಯಾಸ್ ಫಿಲ್ಟರ್, ಸೋಲನಾಯ್ಡ್ (ಗ್ಯಾಸ್ ಬಿಡುವ, ನಿಲ್ಲಿಸುವ ಕರೆಂಟ್ ವಾಲ್ವ್) ಕಾಯಿಲ್ ಸುಮಾರು 1,500. ರೆಡ್ಯೂಸರ್ ಬಿಚ್ಚಿ ಡಯಾಫ್ರಮ್ ಕಿಟ್ ಹಾಕಿಸಿದ್ದು, ಕೂಲಿ ಸೇರಿ 1,800. ಅದೂ ಆಗಲಿಲ್ಲ ಅಂತ ಇನ್ನೊಂದು ರೆಡ್ಯೂಸರ್‌ಗೆ ನಾಲ್ಕೂವರೆ ಸಾವಿರ. ಇದಕ್ಕಿಂತ ಹೊಟ್ಟೆ ಉರಿಸಿದ್ದು ಹೂವಿನ ನಷ್ಟ. ಒಂದು ದಿನ ಎಂಟು ಮೂಟೆ ಸೇವಂತಿಗೆ ಬೆಳಕು ಹರಿದ ಮೇಲೆ ಮಂಡಿಗೆ ತಲುಪಿತು, ಅರ್ಧ ರೇಟೂ ಸಿಗಲಿಲ್ಲ.

ಇಗ್ನಿಷನ್ ಕಾಯಿಲ್‌ನಿಂದ ಗ್ಯಾಸ್ ಸ್ವಿಚ್ಚಿಗೆ ಬರುವ, ಎಂಜಿನ್ ಓಡುತ್ತಿದೆ ಅಂತ ತಿಳಿಸುವ ಪಲ್ಸ್ ವೈರ್ ಸಡಿಲ ಇರಬೇಕು ಅಂತ ಒಬ್ಬರು ಹೇಳಿದರು. ಅದು ಸಡಿಲವಾಗಿದ್ದರೆ ಗ್ಯಾಸಿಗೆ ಹಾಕಿದ ಎರಡು ಮೂರು ಸೆಕೆಂಡಿಗೇ ಸೋಲನಾಯ್ಡ್ ಮುಚ್ಚಿಕೊಳ್ಳುತ್ತದೆ. ಹದಿನೈದು ನಿಮಿಷ ಓಡಿ ನಿಲ್ಲುವ ಗಾಡಿಯ ರೋಗ ಬೇರೆ. ಇಷ್ಟು ಗೊತ್ತಿದ್ದರೆ ಅರ್ಧ ಖರ್ಚು ಉಳಿಯುತ್ತದೆ.

ಜನವರಿಯ ಒಂದು ರಾತ್ರಿ ಆವತಿ ಹತ್ತಿರ ನಿಂತಾಗ ಪೆಟ್ರೋಲ್‌ಗೆ ಹಾಕಲಿಲ್ಲ. ಇಳಿದು ಟಾರ್ಚ್ ಬಿಟ್ಟೆ. ರೆಡ್ಯೂಸರ್ ಮೈ ತುಂಬಾ ಬೆಳ್ಳಗೆ ಹಿಮ ಹಿಡಿದಿತ್ತು. ಮಿಕ್ಸರ್‌ಗೆ ಹೋಗುವ ದಪ್ಪ ಹೋಸ್‌ನ ಮೊದಲ ಒಂದು ಗೇಣೂ ಬಿಳಿ. ಉಗುರಿನಲ್ಲಿ ಕೆರೆದೆ, ಸಕ್ಕರೆ ಪುಡಿ ಹಾಗೆ ಉದುರಿತು. ಪಕ್ಕದ ಟೀ ಅಂಗಡಿಯಲ್ಲಿ ಎರಡು ಜಗ್ ಬಿಸಿನೀರು ಕೇಳಿ ತಂದು ನಿಧಾನವಾಗಿ ರೆಡ್ಯೂಸರ್ ಮೇಲೆ ಮಾತ್ರ ಸುರಿದೆ. ಹಿಮ ಕರಗಿತು. ಸೆಲ್ಫ್ ಹೊಡೆದರೆ ಗ್ಯಾಸಲ್ಲೇ ಒಂದೇ ಸಲಕ್ಕೆ ಸ್ಟಾರ್ಟ್. ದೇವನಹಳ್ಳಿವರೆಗೆ ಬೆಣ್ಣೆ ಹಾಗೆ ಓಡಿ ಮತ್ತೆ ನಿಂತಿತು. ಆದರೆ ನನಗೆ ಬೇಕಾದ ಉತ್ತರ ಸಿಕ್ಕಿತ್ತು. ರೆಡ್ಯೂಸರ್‌ಗೆ ಬಿಸಿ ಸಾಲುತ್ತಿಲ್ಲ.

ಮರುದಿನ ಥರ್ಮೋಸ್ಟಾಟ್ (ನೀರು ಕಾಯುವವರೆಗೆ ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್) ಹೌಸಿಂಗ್ ಬಿಚ್ಚಿದೆ. ಒಳಗೆ ಖಾಲಿ! ನಾನು ಕೊಳ್ಳುವ ಮೊದಲೇ ಯಾರೋ ಹೀಟ್ ಆಗುತ್ತದೆ ಅಂತ ಕಿತ್ತು ಬಿಸಾಕಿದ್ದಾರೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಕಾಯುವ ಮೊದಲೇ ನೀರೆಲ್ಲ ರೇಡಿಯೇಟರ್ ಸುತ್ತಿ ಬರುತ್ತದೆ. ಬೆಳಗಿನ ಜಾವದ ಚಳಿ, ಹೈವೇ ಗಾಳಿ, ಜೊತೆಗೆ ಲೋಡ್ ಇದೆ ಅಂತ ಗ್ಯಾಸ್ ಜಾಸ್ತಿ ಎಳೆಯುತ್ತದೆ. ರೆಡ್ಯೂಸರ್ ಪಾಪ ಏನು ಮಾಡೀತು? ಮಧ್ಯಾಹ್ನ ನಿಂತಲ್ಲೇ ಓಡಿಸಿದರೆ ಇದರಲ್ಲಿ ಒಂದೂ ಇರುವುದಿಲ್ಲ.

ಮೆಕ್ಯಾನಿಕ್‌ಗೆ ಹೇಳಿದರೆ ಒಪ್ಪಲಿಲ್ಲ. ‘ನಮ್ಮೂರ ಬಿಸಿಲಿಗೆ ಅದೆಲ್ಲ ಯಾಕಣ್ಣ? ನಾನು ನೂರು ಗಾಡೀಲಿ ಕಿತ್ತು ಹಾಕಿದ್ದೀನಿ’ ಅಂದ. ನಾನೇ 350 ರೂಪಾಯಿ ಕೊಟ್ಟು 82 ಡಿಗ್ರಿಗೆ ತೆರೆದುಕೊಳ್ಳುವ ಥರ್ಮೋಸ್ಟಾಟ್ ತಂದೆ. ಹಾಕುವ ಮೊದಲು ಹಳೆ ಡಬರಿಯಲ್ಲಿ ನೀರಿಟ್ಟು ಒಲೆ ಮೇಲೆ ಕಾಯಿಸಿ ನೋಡಿದೆ. ನೀರು ಕುದಿಯುವ ಸ್ವಲ್ಪ ಮುಂಚೆ ಬಾಯಿ ಬಿಟ್ಟಿತು. ಕೂರಿಸುವಾಗ ಅದರ ಸಣ್ಣ ತೂತು ಮೇಲಕ್ಕೆ ಬರಬೇಕು, ಮರೆಯಬೇಡಿ.

ಅಷ್ಟಕ್ಕೇ ಮುಗಿಯಲಿಲ್ಲ. ಈಗ ಆವತಿ ದಾಟಿತು, ಆದರೆ ಯಲಹಂಕದ ಹತ್ತಿರ ನಿಂತಿತು. ರೆಡ್ಯೂಸರ್‌ನ ಎರಡೂ ನೀರಿನ ಹೋಸ್ ಮುಟ್ಟಿ ನೋಡಿದೆ. ಒಂದು ಕೈ ಸುಡುತ್ತಿತ್ತು, ಇನ್ನೊಂದು ತಣ್ಣಗೆ. ಏರ್ ಲಾಕ್! ಗಾಳಿ ಸಿಕ್ಕಿಕೊಂಡು ನೀರು ಓಡಾಡುತ್ತಿಲ್ಲ. ಕಿಟ್ ಕೂರಿಸಿದವರು ಜಾಗ ಸಿಕ್ಕಿತು ಅಂತ ರೆಡ್ಯೂಸರನ್ನು ರೇಡಿಯೇಟರ್ ಮುಚ್ಚಳಕ್ಕಿಂತ ಮೇಲೆ ಹಾಕಿದ್ದರು. ಗಾಳಿ ಅಲ್ಲೇ ಹೋಗಿ ಕೂರುತ್ತಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ 200 ಕೊಟ್ಟು ಹೊಸ ಬ್ರಾಕೆಟ್ ಮಾಡಿಸಿ ಒಂದು ಗೇಣು ಕೆಳಗೆ ಇಳಿಸಿದೆ. ಗ್ಯಾಸ್ ಪೈಪ್ ಜಾಯಿಂಟ್‌ಗೆಲ್ಲ ಸೋಪಿನ ನೊರೆ ಹಚ್ಚಿ ಲೀಕ್ ನೋಡಿದೆ.

ಗಾಳಿ ತೆಗೆಯುವಾಗ ವ್ಯಾನಿನ ಮೂತಿ ಏರಿನ ಕಡೆ ಇರಬೇಕು. ಯಾವ ಹೋಸ್ ಮೊದಲು ಸಡಿಲ ಮಾಡಬೇಕು, ರೇಸ್ ಎಷ್ಟು ಕೊಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಐದಾರು ಸಂಜೆ ನೆಲದ ಮೇಲೆ ಮಲಗಿ ಕಂಡುಕೊಂಡಿದ್ದು, ಅದು ನನ್ನ ಹತ್ತಿರವೇ ಇರಲಿ. ಮಿಕ್ಸರ್‌ಗೆ ಹೋಗುವ ಗ್ಯಾಸನ್ನು ಹೆಚ್ಚು ಕಮ್ಮಿ ಮಾಡುವ ಪವರ್ ಸ್ಕ್ರೂ ಲೆಕ್ಕವೂ ಅಷ್ಟೇ.

ಮಧ್ಯೆ ಬೇರೆ ಪ್ರಯೋಗಗಳೂ ಆದವು. ರೆಡ್ಯೂಸರ್‌ಗೆ ಗೋಣಿ ಚೀಲ ಸುತ್ತಿದೆ, ಏನೂ ಉಪಯೋಗವಿಲ್ಲ. ರೇಡಿಯೇಟರ್ ಅರ್ಧಕ್ಕೆ ರಟ್ಟು ಮುಚ್ಚಿದೆ. ಚಳಿಯಲ್ಲಿ ಚೆನ್ನಾಗಿತ್ತು, ಹೆಬ್ಬಾಳದ ಟ್ರಾಫಿಕ್‌ನಲ್ಲಿ ಹೀಟ್ ಮೀಟರ್ ಮುಳ್ಳು ಕೆಂಪಿನ ಹತ್ತಿರ ಹೋಯಿತು, ಕಿತ್ತು ಹಾಕಿದೆ. ಹಳೆ ರೆಡ್ಯೂಸರ್ ತಳದ ಬೋಲ್ಟ್ ಬಿಚ್ಚಿದರೆ ಎರಡು ಚಮಚದಷ್ಟು ಕಪ್ಪು ಎಣ್ಣೆ ಇಳಿಯಿತು. ಆ ಎಣ್ಣೆ ತೆಗೆದು ತೊಳೆದು ಅದನ್ನೇ ಮತ್ತೆ ಕೂರಿಸಿದ್ದೇನೆ, ಇವತ್ತಿಗೂ ಅದೇ ಓಡುತ್ತಿದೆ. ನಾಲ್ಕೂವರೆ ಸಾವಿರದ್ದು ಅಟ್ಟದ ಮೇಲಿದೆ. ಪ್ಲಗ್ ಗ್ಯಾಪ್ 0.8ರಿಂದ 0.7 ಮಿ.ಮೀ.ಗೆ ಇಳಿಸಿದ ಮೇಲೆ ಮೈಲೇಜ್ ಹೆಚ್ಚಲಿಲ್ಲ, ಆದರೆ ಏರಿನಲ್ಲಿ ಮಿಸ್ಸಿಂಗ್ ಪೂರ್ತಿ ಹೋಯಿತು.

ಈಗಿನ ಲೆಕ್ಕ: ಹೋಗಿ ಬರುವುದು 120 ಕಿಲೋಮೀಟರ್. ಗ್ಯಾಸಲ್ಲಿ ಲೀಟರಿಗೆ ಹನ್ನೊಂದೂವರೆ ಕೊಡುತ್ತದೆ, ಪೆಟ್ರೋಲ್‌ನಲ್ಲಿ ಹದಿನಾಲ್ಕು. ಗ್ಯಾಸ್ ಅರವತ್ತು ಚಿಲ್ಲರೆ, ಪೆಟ್ರೋಲ್ ನೂರರ ಮೇಲೆ. ದಿನಕ್ಕೆ 200ರಿಂದ 250 ರೂಪಾಯಿ ಉಳಿಯುತ್ತದೆ. ಥರ್ಮೋಸ್ಟಾಟ್, ಬ್ರಾಕೆಟ್, ಕೂಲೆಂಟ್ ಎಲ್ಲ ಸೇರಿ ಸಾವಿರ ದಾಟಿರಲಿಲ್ಲ. ಅದು ಒಂದೇ ವಾರದಲ್ಲಿ ವಾಪಸ್ ಬಂತು.

ಮೊನ್ನೆ ಶಿಡ್ಲಘಟ್ಟದಿಂದ ರೇಷ್ಮೆಗೂಡು ಸಾಗಿಸುವ ಹುಡುಗನೊಬ್ಬ ಕಾರು ತಂದಿದ್ದ. ಅವನದ್ದೂ ಗ್ಯಾಸಲ್ಲಿ ಬಂದ್ ಬೀಳುತ್ತಿತ್ತು. ‘ಎರಡು ಸಲ ರೆಡ್ಯೂಸರ್ ಚೇಂಜ್ ಮಾಡ್ಸಿದ್ದೀನಿ ಅಣ್ಣ’ ಅಂದ. ಮಾತಾಡದೆ ಹತ್ತನೇ ನಂಬರ್ ಸ್ಪ್ಯಾನರ್ ತಗೊಂಡು ಹೌಸಿಂಗ್ ಬಿಚ್ಚಿದೆ. ಅದೂ ಖಾಲಿ.